ಪರಿಮಾಣವು ಯಾರ ಲೆಕ್ಕಕ್ಕೆ?

ಕಳೆದ ಭಾದ್ರಪದದ ದಶಲಕ್ಷಣ ಪರ್ವದ ಒಂಬತ್ತನೆಯ ದಿನ, ಉತ್ತಮ ಆಕಿಂಚನ್ಯ ಧರ್ಮದ ಪ್ರವಚನವು ಮುಗಿದು ಶ್ರಾವಕ ಶ್ರಾವಿಕೆಯರು ಬಸದಿಯ ಹೊರಜಗಲಿಯಲ್ಲಿ ಕುಳಿತಿದ್ದಾಗ, ನನ್ನ ತಂಗಿಯ ಮಗನು ಒಂದು ಪ್ರಶ್ನೆಯನ್ನು ಮುಂದಿಟ್ಟನು. ಅವನು ಬೆಂಗಳೂರಿನಲ್ಲಿ ಗಣಕಯಂತ್ರಗಳ ಮೇಲ್ವಿಚಾರಣೆಯ ಉದ್ಯೋಗದಲ್ಲಿರುವವನು. "ಮಾವ, ನಾನು ದಿನವೂ ಮಾಡುವ ಕೆಲಸವೇ ಪರಿಮಾಣ ಹಾಕುವುದು. ಯಂತ್ರದಲ್ಲಿ ಓಡುತ್ತಿರುವ ಒಂದೊಂದು ಪ್ರೋಸೆಸ್ಸಿಗೂ ಇಷ್ಟೇ ಮೆಮೊರಿ, ಇಷ್ಟೇ ಕಾಲ, ಇಷ್ಟೇ ಫೈಲು ಎಂದು ಗೆರೆ ಎಳೆಯುತ್ತೇನೆ. ಅದು ಗೆರೆ ದಾಟುವುದಿಲ್ಲ. ನಮ್ಮ ಪರಿಗ್ರಹ ಪರಿಮಾಣ ವ್ರತಕ್ಕೂ ಇದಕ್ಕೂ ಏನು ವ್ಯತ್ಯಾಸ? ಅದು ನಮಗಿಂತ ಚೆನ್ನಾಗಿಯೇ ಪಾಲಿಸುತ್ತದಲ್ಲ?" ಎಂದನು. ಕೆಲವರು ನಕ್ಕರು. ಹಿರಿಯರೊಬ್ಬರು "ಜಡಕ್ಕೆ ವ್ರತವೆಲ್ಲಿಯದಪ್ಪ?" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಉತ್ತರವೇನೋ ಸರಿಯಾದುದೇ. ಆದರೆ ಆ ಉತ್ತರದಿಂದ ಪ್ರಶ್ನೆಯು ಮುಗಿಯಲಿಲ್ಲವೆಂಬುದು ಮನೆಗೆ ಬಂದ ಮೇಲೆ ನನಗೆ ತಿಳಿಯಿತು. ಗೆರೆಯನ್ನು ಎಂದೂ ಮೀರದ ಜಡವಸ್ತುವು ವ್ರತಿಯಲ್ಲವಾದರೆ, ಗೆರೆಯನ್ನು ಮೀರದಿರುವುದಷ್ಟೇ ವ್ರತವಲ್ಲವೆಂದಾಯಿತು. ಹಾಗಿದ್ದಲ್ಲಿ, ಗೆರೆಯೊಳಗೆ ನಿಂತೆವೆಂಬ ಒಂದೇ ಕಾರಣದಿಂದ ವ್ರತಿಕರೆಂದು ಕರೆಸಿಕೊಳ್ಳುತ್ತಿರುವ ನಮ್ಮಂಥವರ ಸ್ಥಿತಿ ಏನು? ಈ ಲೇಖನವು ಆ ಶಂಕೆಯಿಂದ ಹುಟ್ಟಿದುದಾಗಿದೆ.

ಮೊದಲು ಯಂತ್ರದೊಳಗಿನ ವ್ಯವಸ್ಥೆಯನ್ನು ಸ್ವಲ್ಪ ತಿಳಿಯಬೇಕು. ಅಳಿಯನು ಎರಡು ಸಂಜೆ ಕುಳಿತು ನನಗೆ ತಿಳಿಯ ಹೇಳಿದುದನ್ನು, ನಾನು ಗ್ರಹಿಸಿದಂತೆ, ಇಲ್ಲಿ ಬರೆಯುತ್ತೇನೆ. ಪ್ರೋಗ್ರಾಂ ಎಂಬುದು ಬರೆದಿಟ್ಟ ವಿಧಿ. ಅಡುಗೆಯ ವಿಧಾನವನ್ನು ಕಾಗದದ ಮೇಲೆ ಬರೆದಿಟ್ಟಂತೆ ಅದು ಸುಮ್ಮನೆ ಬಿದ್ದಿರುತ್ತದೆ. ಅದು ನಡೆಯತೊಡಗಿದಾಗ ಅದಕ್ಕೆ ಪ್ರೋಸೆಸ್ ಎಂದು ಹೆಸರು. ಒಂದು ಯಂತ್ರದಲ್ಲಿ ಏಕಕಾಲಕ್ಕೆ ಇಂತಹ ನೂರಾರು ಪ್ರೋಸೆಸ್‌ಗಳು ನಡೆಯುತ್ತಿರುತ್ತವೆ. ಇವೆಲ್ಲಕ್ಕೂ ಕಣಜ ಒಂದೇ: ಲೆಕ್ಕ ಮಾಡುವ ಪ್ರೊಸೆಸರಿನ ಸಮಯ, ಮೆಮೊರಿ, ಡಿಸ್ಕಿನ ಜಾಗ. ಕಣಜದ ಬೀಗದ ಕೈ ಕರ್ನಲ್ ಎಂಬ ಮೂಲವ್ಯವಸ್ಥೆಯ ಬಳಿ ಇರುತ್ತದೆ. ಒಟ್ಟು ಕುಟುಂಬದಲ್ಲಿ ಒಬ್ಬನು ಅಳತೆಯಿಲ್ಲದೆ ಉಂಡರೆ ಉಳಿದವರ ಎಲೆ ಬರಿದಾಗುವಂತೆ, ತಪ್ಪಾಗಿ ಬರೆದ ಒಂದು ಪ್ರೋಗ್ರಾಂ ಮೆಮೊರಿಯನ್ನು ಬೇಡುತ್ತಲೇ ಹೋದರೆ ಇಡೀ ಯಂತ್ರವೇ ಸ್ತಬ್ಧವಾಗುತ್ತದೆ. ಅದರಲ್ಲಿ ದುರುದ್ದೇಶವೇ ಇರಬೇಕೆಂದಿಲ್ಲ, ಬಳಸಿದುದನ್ನು ಹಿಂದಿರುಗಿಸಲು ಮರೆತರೂ ಸಾಕು.

ಆದುದರಿಂದ ಮಿತಿಯು ಅಗತ್ಯವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಯುನಿಕ್ಸ್ ವ್ಯವಸ್ಥೆಯನ್ನು ಬೆಳೆಸುತ್ತಿದ್ದವರು 1983ರಲ್ಲಿ ಹೊರತಂದ ಆವೃತ್ತಿಯಲ್ಲಿ ಸೆಟ್‌ಆರ್‌ಲಿಮಿಟ್ ಎಂಬ ಏರ್ಪಾಡು ಕಾಣಿಸಿಕೊಂಡಿತು. ಇಂದು ಲೋಕದ ಬಹುಪಾಲು ಸರ್ವರುಗಳನ್ನು ನಡೆಸುವ ಲಿನಕ್ಸಿನಲ್ಲಿಯೂ ಅದು ಉಳಿದಿದೆ. ಇದರ ವಿಶೇಷವೆಂದರೆ ಒಂದೊಂದು ವಸ್ತುವಿಗೂ ಎರಡೆರಡು ಗೆರೆಗಳಿರುವುದು. ಒಳಗಿನದು ಸಾಫ್ಟ್ ಲಿಮಿಟ್, ಮೃದು ಮಿತಿ. ಹೊರಗಿನದು ಹಾರ್ಡ್ ಲಿಮಿಟ್, ಕಠಿಣ ಮಿತಿ. ಪ್ರೊಸೆಸರಿನ ಸಮಯಕ್ಕೆ 60 ಸೆಕೆಂಡಿನ ಮೃದು ಮಿತಿಯನ್ನೂ 70 ಸೆಕೆಂಡಿನ ಕಠಿಣ ಮಿತಿಯನ್ನೂ ಹಾಕಿದೆವೆನ್ನೋಣ. ಅರವತ್ತು ತುಂಬಿದೊಡನೆ ಕರ್ನಲ್ ಎಚ್ಚರಿಕೆಯ ಸಂಜ್ಞೆಯನ್ನು ಕಳುಹುತ್ತದೆ. ಆ ಸಂಜ್ಞೆಯನ್ನು ಕೇಳಿಸಿಕೊಳ್ಳುವಂತೆ ಬರೆಯಲ್ಪಟ್ಟ ಪ್ರೋಗ್ರಾಂ ತನ್ನ ಕೆಲಸವನ್ನು ಒಪ್ಪವಾಗಿ ಮುಗಿಸಿ ಹೊರಡಬಹುದು. ಎಪ್ಪತ್ತು ತುಂಬಿದರೆ ಮಾತಿಲ್ಲ, ಅಲ್ಲಿಗೆ ಅದರ ಅಂತ್ಯ. ಮೆಮೊರಿಗೂ ಫೈಲುಗಳಿಗೂ ಕ್ರಮ ಬೇರೆ. ಮಿತಿಯನ್ನು ಮೀರಿ ಕೇಳಿದರೆ ಕೇಳಿದುದು ದೊರೆಯುವುದಿಲ್ಲ, ಅಷ್ಟೇ. ಒಂದು ಪ್ರೋಸೆಸ್ ಒಮ್ಮೆಗೆ ತೆರೆದಿಡಬಹುದಾದ ಫೈಲುಗಳ ಮೃದು ಮಿತಿಯು ಲಿನಕ್ಸಿನಲ್ಲಿ ಸಾಮಾನ್ಯವಾಗಿ 1024.

ಇನ್ನೊಂದು ನಿಯಮವು ನನ್ನ ಗಮನವನ್ನು ಬಹಳ ಸೆಳೆಯಿತು. ಮೃದು ಮಿತಿಯನ್ನು ಪ್ರೋಸೆಸ್ ತಾನೇ ಏರಿಸಿಕೊಳ್ಳಬಹುದು, ಆದರೆ ಕಠಿಣ ಮಿತಿಯವರೆಗೆ ಮಾತ್ರ. ಕಠಿಣ ಮಿತಿಯನ್ನು ಅದು ತಗ್ಗಿಸಿಕೊಳ್ಳಬಹುದು, ಆದರೆ ಒಮ್ಮೆ ತಗ್ಗಿಸಿದರೆ ಮತ್ತೆ ಏರಿಸುವ ಅಧಿಕಾರ ಅದಕ್ಕಿಲ್ಲ. ಆ ಅಧಿಕಾರವು ಯಂತ್ರದ ಒಡೆಯನಿಗೆ ಮಾತ್ರ ಸೇರಿದ್ದು. ನೈಸ್ ಎಂಬ ಇನ್ನೊಂದು ಹಳೆಯ ಏರ್ಪಾಡಿನಲ್ಲಿಯೂ ಇದೇ ರೀತಿ. ತನ್ನ ಸರದಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಹಿಂದೆ ಸರಿಯಲು ಯಾರ ಅಪ್ಪಣೆಯೂ ಬೇಡ. ಬಿಟ್ಟುಕೊಟ್ಟುದನ್ನು ಮರಳಿ ಪಡೆಯಲು ಮಾತ್ರ ಸಾಮಾನ್ಯ ಬಳಕೆದಾರನಿಗೆ ಅಪ್ಪಣೆ ಬೇಕು.

ಇದನ್ನು ಕೇಳಿದಾಗ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ನಿಯಮವೆಂದೂ ಯಮವೆಂದೂ ಎರಡಾಗಿ ವಿಂಗಡಿಸಿರುವುದು ಯಾವ ಶ್ರಾವಕನಿಗೆ ತಾನೆ ನೆನಪಾಗದು? ಕಾಲದ ಅವಧಿಯುಳ್ಳದ್ದು ನಿಯಮ. ಈ ದಿನ, ಈ ರಾತ್ರಿ, ಈ ಪಕ್ಷ, ಈ ಮಾಸ ಎಂದು ಅದನ್ನು ತೆಗೆದುಕೊಳ್ಳಬಹುದು, ಅವಧಿ ಮುಗಿದ ಮೇಲೆ ಮರಳಿ ವಿಚಾರಿಸಬಹುದು. ಯಾವಜ್ಜೀವ ಧರಿಸಿದುದು ಯಮ, ಅದರಲ್ಲಿ ಹಿಂದಿರುಗುವ ಮಾತಿಲ್ಲ. ನಮ್ಮ ತಾಯಂದಿರು ಚಾತುರ್ಮಾಸದಲ್ಲಿ ಒಂದೊಂದು ರಸವನ್ನು ಬಿಡುವುದು ನಿಯಮ. ರಾತ್ರಿಭೋಜನವನ್ನು ಜೀವನಪರ್ಯಂತ ಬಿಟ್ಟಿರುವುದು ಯಮ. ಒಳಗೆರೆ, ಹೊರಗೆರೆ ಎರಡೂ ನಮ್ಮಲ್ಲಿಯೂ ಇವೆ. ಹೋಲಿಕೆಯು ಇಲ್ಲಿಯವರೆಗೆ ಬರುತ್ತದೆ. ಅಳಿಯನ ಮಾತಿನಲ್ಲಿ ಹುರುಳಿಲ್ಲವೆಂದು ನಕ್ಕವರು ಸ್ವಲ್ಪ ಅವಸರಪಟ್ಟರೆಂದೇ ನನ್ನ ಅಭಿಪ್ರಾಯ.

ಆದರೆ ಸಮಂತಭದ್ರರು ವ್ರತದ ಲಕ್ಷಣವನ್ನು ಹೇಳುವಾಗ ಇಟ್ಟಿರುವ ಒತ್ತು ಬೇರೆಡೆಯಲ್ಲಿದೆ. ಅನಿಷ್ಟವಾದುದನ್ನೂ ಸೇವಿಸಲು ತಕ್ಕುದಲ್ಲದುದನ್ನೂ ಬಿಡುವುದು ಬೇಕಾದ ಕೆಲಸವೇ; ಆದರೆ ಯೋಗ್ಯವಾದ, ಕೈಗೆಟಕುವ ವಿಷಯದಿಂದಲೂ ಬುದ್ಧಿಪೂರ್ವಕವಾಗಿ, ಸಂಕಲ್ಪಪೂರ್ವಕವಾಗಿ ವಿರಮಿಸುವುದನ್ನು ಅವರು ವ್ರತವೆಂದಿರುವರು. ಮಧುಮೇಹವುಳ್ಳವನು ವೈದ್ಯರ ಆಜ್ಞೆಯಿಂದ ಸಿಹಿಯನ್ನು ಬಿಟ್ಟರೆ ಅವನ ದೇಹಕ್ಕೆ ಹಿತವಾದೀತು, ವ್ರತವಾಗದು. ಸಿಕ್ಕದ ವಸ್ತುವನ್ನು ಬಿಟ್ಟೆನೆನ್ನುವವನದೂ ಅಷ್ಟೆ. ಹಾಗೆಂದು ಹೊರಗಿನಿಂದ ಬಿದ್ದ ಮಿತಿಯನ್ನು ಸಹಿಸಿದುದು ಜೀವನಿಗೆ ಪೂರ್ತಿ ವ್ಯರ್ಥವೆಂದೂ ನಮ್ಮ ಆಗಮವು ಹೇಳುವುದಿಲ್ಲ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅಕಾಮ ನಿರ್ಜರೆಗೆ ಸೆರೆಯಲ್ಲಿರುವವನ ಉದಾಹರಣೆಯನ್ನು ಕೊಟ್ಟಿರುವರು. ಬಂಧನದಲ್ಲಿರುವವನು ಹಸಿವು ನೀರಡಿಕೆಗಳನ್ನು ತಡೆಯುತ್ತಾನೆ, ನೆಲದ ಮೇಲೆ ಮಲಗುತ್ತಾನೆ, ಬ್ರಹ್ಮಚರ್ಯದಲ್ಲಿರುತ್ತಾನೆ. ಯಾವುದೂ ಅವನ ಇಚ್ಛೆಯಿಂದಲ್ಲ. ಅದರಿಂದಲೂ ಕಿಂಚಿತ್ ಕರ್ಮ ಉದುರುತ್ತದೆ, ದೇವಾಯುವಿನ ಬಂಧಕ್ಕೆ ಅದೂ ಒಂದು ಕಾರಣವೆನಿಸುತ್ತದೆ. ಆದರೆ ಅದು ಮೋಕ್ಷಮಾರ್ಗದ ಮೆಟ್ಟಿಲಲ್ಲ. ಪ್ರೋಸೆಸ್ಸಿಗೆ ಇಷ್ಟೂ ಇಲ್ಲ. ಅದು ಪುದ್ಗಲದ ವ್ಯಾಪಾರವೇ ಹೊರತು ಅಲ್ಲಿ ಹಸಿಯುವವನೂ ಇಲ್ಲ, ಸಹಿಸುವವನೂ ಇಲ್ಲ. ಬಸದಿಯ ಹಿರಿಯರ ಉತ್ತರವು ಇಲ್ಲಿಗೆ ಪೂರ್ಣವಾಯಿತು. ನನ್ನ ಸಮಸ್ಯೆಯು ಇಲ್ಲಿಂದ ಪ್ರಾರಂಭವಾಯಿತು.

ಅಳಿಯನು ತನ್ನ ಯಂತ್ರವನ್ನು ತೆರೆದು, ಯುಲಿಮಿಟ್ ಎಂಬ ಆಜ್ಞೆಯನ್ನು ಕೊಟ್ಟು, ಮಿತಿಗಳ ಪಟ್ಟಿಯನ್ನು ನನಗೆ ತೋರಿಸಿದನು. ಸಾಲುಸಾಲಾಗಿ ವಸ್ತುಗಳ ಹೆಸರು, ಎದುರಿಗೆ ಪರಿಮಾಣ. ಪ್ರೊಸೆಸರಿನ ಸಮಯದ ಎದುರಿಗೆ ನೋಡಿದೆನು, ‘ಅನ್‌ಲಿಮಿಟೆಡ್’. ಮೆಮೊರಿಯ ಎದುರಿಗೂ ಅದೇ, ಫೈಲಿನ ಗಾತ್ರದ ಎದುರಿಗೂ ಅದೇ. "ಇದೇನಪ್ಪ, ಮಿತಿಯ ಪಟ್ಟಿಯಲ್ಲಿ ಅಮಿತವೆಂದು ಬರೆದಿದೆಯಲ್ಲ?" ಎಂದೆನು. "ಯಾರೂ ಹಾಕದಿದ್ದರೆ ಹಾಗೆಯೇ ಇರುತ್ತದೆ ಮಾವ. ಸಾಲು ಇರುತ್ತದೆ, ಮಿತಿ ಇರುವುದಿಲ್ಲ" ಎಂದನು. ನನಗೆ ನಗು ಬಂತು, ಕೂಡಲೇ ನಗು ಹೋಯಿತು. ಪರಿಗ್ರಹ ಪರಿಮಾಣವನ್ನು ಸ್ವೀಕರಿಸುವ ಸಮಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ವ್ಯವಹಾರವನ್ನು ಬಲ್ಲವರು ಬಲ್ಲರು. ಹತ್ತು ತೊಲ ಬಂಗಾರವುಳ್ಳವರು ನೂರು ತೊಲದ ಪರಿಮಾಣವನ್ನು ಮಾಡುವರು. ಎರಡು ಮನೆಯುಳ್ಳವರು ಐದು ಮನೆಯೆಂದು ಬರೆಸುವರು. ‘ಮುಂದೆ ಹೇಗೋ ಏನೋ’ ಎಂಬ ಸಮಾಧಾನ ಬೇರೆ. ಪಟ್ಟಿಯಲ್ಲಿ ಸಾಲೇನೋ ಇರುತ್ತದೆ.

ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಸಮಂತಭದ್ರರು ಹೇಳಿರುವುದು ವಿಚಾರಾರ್ಹವಾಗಿದೆ. ಧನಧಾನ್ಯಾದಿಗಳಿಗೆ ಅಳತೆಯನ್ನು ಮಾಡಿಕೊಳ್ಳುವುದು ಅದರ ಒಂದು ಅಂಗ. ಅಳತೆಗಿಂತ ಹೆಚ್ಚಿನದರಲ್ಲಿ ನಿಸ್ಪೃಹನಾಗಿರುವುದು ಮತ್ತೊಂದು ಅಂಗ. ಯಂತ್ರಕ್ಕೆ ಮೊದಲನೆಯದು ಮಾತ್ರ ಸಾಧ್ಯ. ಮೆಮೊರಿಯನ್ನು ನಿರಾಕರಿಸಿದೊಡನೆ ಮರುಕ್ಷಣವೇ ಮತ್ತೆ ಕೇಳುವ, ನಿರಾಕರಿಸಿದಷ್ಟು ಸಲವೂ ಕೇಳುತ್ತಲೇ ಇರುವ ಪ್ರೋಗ್ರಾಂಗಳನ್ನು ಅಳಿಯನು ಬೇಕಾದಷ್ಟು ನೋಡಿದ್ದಾನಂತೆ. ಗೆರೆಯ ಬಳಿಯಲ್ಲಿಯೇ ಅವುಗಳ ವಾಸ. ನಮ್ಮಲ್ಲಿಯೂ ಪರಿಮಾಣವು ಹಕ್ಕಿನಂತೆ ಆಗಿಬಿಡುವುದುಂಟು: ಇಪ್ಪತ್ತು ರೇಷ್ಮೆ ಸೀರೆಯ ಪರಿಮಾಣವಿರುವ ಮನೆಯಲ್ಲಿ ಹದಿನಾಲ್ಕು ಸೀರೆಯಿದ್ದರೆ ಆರರ ಕೊರತೆ ಕಾಣತೊಡಗುತ್ತದೆ. ಪರಿಮಿತ ಪರಿಗ್ರಹದ ಅತಿಚಾರಗಳಲ್ಲಿ ವಿಸ್ಮಯವನ್ನು, ಅಂದರೆ ಪರರ ಸಂಪತ್ತನ್ನು ಕಂಡು ಬೆರಗಾಗುವುದನ್ನು, ಆಚಾರ್ಯರು ಸೇರಿಸಿರುವುದು ಎಷ್ಟು ಸೂಕ್ಷ್ಮ! ಕೈಯು ಗೆರೆಯೊಳಗಿದ್ದರೂ ಕಣ್ಣು ಹೊರಗಿರಬಹುದಲ್ಲವೆ?

ಇದಕ್ಕೆ ಪ್ರತಿಯಾಗಿ ಅವಮೌದರ್ಯ ತಪವನ್ನು ನೋಡಿರಿ. ಪುರುಷನಿಗೆ ಮೂವತ್ತೆರಡು, ಸ್ತ್ರೀಗೆ ಇಪ್ಪತ್ತೆಂಟು ತುತ್ತುಗಳು ಪೂರ್ಣಾಹಾರವೆಂದು ನಮ್ಮ ಪರಂಪರೆಯು ಎಣಿಸಿದೆ. ತಪವಿರುವುದು ಆ ಸಂಖ್ಯೆಯನ್ನು ತುಂಬಿಸುವುದರಲ್ಲಲ್ಲ, ಅದಕ್ಕಿಂತ ಕಡಿಮೆಗೆ ನಿಲ್ಲುವುದರಲ್ಲಿ. ಒಂದು ತುತ್ತು ಕಡಿಮೆಯಾದರೂ ಅದು ಅವಮೌದರ್ಯವೇ. ದಿನಕ್ಕೊಂದೇ ಆಹಾರವೆಂಬ ಹೊರಗೆರೆಯಿರುವ ಮುನಿಮಹಾರಾಜರು ಅದರೊಳಗೆ ವೃತ್ತಿಪರಿಸಂಖ್ಯಾನವೆಂಬ ಇನ್ನೊಂದು ಗೆರೆಯನ್ನು ಮನಸ್ಸಿನಲ್ಲಿಯೇ ಎಳೆದುಕೊಂಡು ಚರ್ಯೆಗೆ ಹೊರಡುವರು. ಆ ಗೆರೆಯು ಏನೆಂಬುದು ಆಹಾರ ಕೊಡುವ ನಮಗೆ ತಿಳಿದಿರುವುದೂ ಇಲ್ಲ. ಅದು ಕೂಡಿಬಾರದಿದ್ದರೆ ಹಿಂದಿರುಗುವರು. ಒಳಗೆರೆಯ ಎಚ್ಚರಿಕೆಯನ್ನು ಹೊರಗಿನಿಂದ ಯಾರೂ ಕಳುಹಬೇಕಾಗಿಲ್ಲದ ಸ್ಥಿತಿಯದು.

ಈಗ ಈ ವಿಷಯದ ಮರ್ಮಸ್ಥಾನಕ್ಕೆ ಬರುತ್ತೇನೆ. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಎಂಬವನು ಒಂದು ಪ್ರೋಗ್ರಾಂ ಬರೆದು ಜಾಲದಲ್ಲಿ ಬಿಟ್ಟನು. ಅದು ಯಂತ್ರದಿಂದ ಯಂತ್ರಕ್ಕೆ ತನ್ನ ನಕಲನ್ನು ಮಾಡಿಕೊಳ್ಳುತ್ತ ಹೋಗುವಂಥದು. ಫೈಲುಗಳನ್ನು ಅಳಿಸುವ, ಕೆಡಿಸುವ ಕೆಲಸವನ್ನು ಅದು ಮಾಡುತ್ತಿರಲಿಲ್ಲ. ಆದರೂ ಸುಮಾರು ಆರು ಸಾವಿರ ಯಂತ್ರಗಳು ಅದಕ್ಕೆ ಸಿಕ್ಕಿದುವೆಂದು ಆಗ ಅಂದಾಜು ಮಾಡಲಾಯಿತು, ಅನೇಕವು ಕೆಲಸ ಮಾಡಲಾರದೆ ನಿಂತವು. ಕಾರಣವೇನು? ಒಂದೊಂದು ನಕಲೂ ಚಿಕ್ಕದೇ. ಆದರೆ ಒಂದೇ ಯಂತ್ರದಲ್ಲಿ ನಕಲಿನ ಮೇಲೆ ನಕಲು ಸೇರಿ, ಎಲ್ಲವೂ ಕೂಡಿ ಕಣಜವನ್ನು ಬರಿದು ಮಾಡಿದವು. ಇದಕ್ಕಿಂತಲೂ ವಿಚಿತ್ರವಾದುದು ಅದರಲ್ಲಿದ್ದ ಒಂದು ಉಪಾಯ. ಬಹಳ ಹೊತ್ತು ಓಡಿದ ಪ್ರೋಸೆಸ್ಸಿಗೆ ಆದ್ಯತೆಯನ್ನು ಕಡಿಮೆ ಮಾಡುವುದು ಯುನಿಕ್ಸಿನ ಕ್ರಮ. ಆದುದರಿಂದ ಆ ಪ್ರೋಗ್ರಾಂ ಆಗಾಗ ತನ್ನದೇ ಒಂದು ಮರಿಯನ್ನು ಹುಟ್ಟಿಸಿ ತಾನು ಸಾಯುತ್ತಿತ್ತು. ಮರಿಯು ಅದೇ ಕೆಲಸವನ್ನು ಮುಂದುವರಿಸುತ್ತಿತ್ತು. ಗುರುತಿನ ಸಂಖ್ಯೆ ಹೊಸದು, ಖರ್ಚಿನ ಲೆಕ್ಕ ಸೊನ್ನೆಯಿಂದ.

ಇಲ್ಲಿ ಸೆಟ್‌ಆರ್‌ಲಿಮಿಟ್ಟಿನ ಒಂದು ಕೊರತೆಯು ಕಾಣುತ್ತದೆ. ತಂದೆ ಪ್ರೋಸೆಸ್ಸಿನ ಮಿತಿಯು ಮರಿಗೆ ಆನುವಂಶಿಕವಾಗಿ ಬರುತ್ತದೆ, ಆದರೆ ಖರ್ಚಿನ ಲೆಕ್ಕವು ಬರುವುದಿಲ್ಲ. ತಂದೆಗೆ 60 ಸೆಕೆಂಡು, ಮರಿಗೂ ಹೊಸದಾಗಿ 60 ಸೆಕೆಂಡು. ಮೆಮೊರಿಯಲ್ಲಿಯೂ ಒಬ್ಬೊಬ್ಬರಿಗೆ ಬೇರೆ ಬೇರೆ ಗೆರೆ. ಎಷ್ಟು ಮರಿಗಳನ್ನು ಹುಟ್ಟಿಸಬಹುದೆಂಬುದಕ್ಕೆ ಬೇರೊಂದು ಮಿತಿಯಿದೆಯೆಂಬುದು ನಿಜ. ಆದರೆ ಎಲ್ಲರೂ ಕೂಡಿ ಉಂಡುದೆಷ್ಟು ಎಂದು ಅದು ಕೇಳುವುದಿಲ್ಲ. ಯಾರೊಬ್ಬರೂ ಗೆರೆಯನ್ನು ದಾಟಿಲ್ಲ, ಕಣಜ ಮಾತ್ರ ಖಾಲಿ. ಈ ಕೊರತೆಯನ್ನು ನೀಗಲು ಗೂಗಲ್ ಸಂಸ್ಥೆಯ ಇಂಜಿನಿಯರುಗಳು 2006ರಲ್ಲಿ ಕೆಲಸವನ್ನು ಪ್ರಾರಂಭಿಸಿದರು. ಕಂಟ್ರೋಲ್ ಗ್ರೂಪ್ ಎಂಬ ಹೆಸರಿನಿಂದ ಅದು 2008ರ ಜನವರಿಯಲ್ಲಿ ಲಿನಕ್ಸಿಗೆ ಸೇರಿತು. ಅದರಲ್ಲಿ ಮಿತಿಯು ವ್ಯಕ್ತಿಗಲ್ಲ, ಗುಂಪಿಗೆ. ಮರಿಯು ತಂದೆಯ ಗುಂಪಿನಲ್ಲಿಯೇ ಹುಟ್ಟುತ್ತದೆ, ಅದರ ಮರಿಯೂ ಅಲ್ಲಿಯೇ. ಎಲ್ಲರ ಊಟವೂ ಒಂದೇ ಲೆಕ್ಕಕ್ಕೆ. ಹೆಸರು ಬದಲಿಸಿ ತಪ್ಪಿಸಿಕೊಳ್ಳುವ ದಾರಿಯನ್ನು ಮುಚ್ಚಿದ್ದಾರೆ.

ಇದನ್ನು ಹೇಳಿ ಮುಗಿಸಿದ ಅಳಿಯನು ಸಹಜವಾಗಿ, ಯಾವ ಕುಹಕವೂ ಇಲ್ಲದೆ, "ನಮ್ಮ ವ್ರತದಲ್ಲಿ ಲೆಕ್ಕ ಪ್ರೋಸೆಸ್ಸಿಗೋ ಗ್ರೂಪಿಗೋ ಮಾವ?" ಎಂದು ಕೇಳಿದನು. ನಾನು ನೀರು ಕುಡಿಯುವ ನೆವದಿಂದ ಒಳಗೆ ಎದ್ದುಹೋದೆನು.

ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲದೆ ಇಲ್ಲ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದೇಶವ್ರತದ ಅತಿಚಾರಗಳನ್ನು ಹೇಳುವಾಗ ಆನಯನ, ಪ್ರೇಷ್ಯಪ್ರಯೋಗಗಳನ್ನು ಎಣಿಸಿರುವರು. ಗೆರೆಯ ಹೊರಗಿರುವುದನ್ನು ತನ್ನ ಬಳಿಗೆ ತರಿಸಿಕೊಳ್ಳುವುದು, ತಾನು ಗೆರೆಯೊಳಗೆ ಕುಳಿತು ಆಳನ್ನು ಹೊರಗೆ ಕಳುಹಿ ಕೆಲಸ ಮಾಡಿಸುವುದು. ಅಷ್ಟೇ ಅಲ್ಲ, ಒಳಗೆ ನಿಂತು ಶಬ್ದ ಮಾಡಿ ಹೊರಗಿನವರನ್ನು ಎಚ್ಚರಿಸುವುದು, ರೂಪವನ್ನು ತೋರಿಸುವುದು, ಕಲ್ಲು ಮಣ್ಣು ಎಸೆದು ಸನ್ನೆ ಮಾಡುವುದು, ಇವೂ ಅತಿಚಾರಗಳೇ. ಕಾಲು ಗೆರೆ ದಾಟಲಿಲ್ಲವೆಂಬ ನೆವವು ಇಲ್ಲಿ ಒಂದೊಂದಾಗಿ ಮುರಿದುಬೀಳುತ್ತದೆ. ಕೃತ, ಕಾರಿತ, ಅನುಮೋದಿತಗಳೆಂಬ ವಿಂಗಡಣೆಯನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ನಮಗೆ ಇದು ಹೊಸ ಮಾತೇನೂ ಅಲ್ಲ. ಆದರೂ ಪರಿಗ್ರಹದ ವಿಷಯ ಬಂದಾಗ, ಮಗನ ಹೆಸರಿಗೆ ಮಾಡಿಸಿದ ಹೊಲ ನಮ್ಮದಲ್ಲ, ಹೆಂಡತಿಯ ಹೆಸರಿನ ಠೇವಣಿ ನಮ್ಮದಲ್ಲ, ಸೊಸೆಗೆ ಮಾಡಿಸಿದ ಬಂಗಾರ ನಮ್ಮದಲ್ಲವೆಂದು ನಾವು ಅತ್ಯಂತ ಸುಲಭವಾಗಿ ನಂಬುತ್ತೇವೆ. ಪರಿಗ್ರಹವನ್ನು ಉಮಾಸ್ವಾಮಿಗಳು ಗುರುತಿಸಿದುದು ವಸ್ತುವಿನಲ್ಲಲ್ಲ, ಮೂರ್ಛೆಯಲ್ಲಿ. ನೋಂದಣಿ ಕಚೇರಿಯ ಕಾಗದದಲ್ಲಿ ಹೆಸರು ಬದಲಾದರೆ ಮೂರ್ಛೆಯೂ ಬದಲಾಗುತ್ತದೆಯೆ?

ಇದಕ್ಕೆ ಒಂದು ಆಕ್ಷೇಪವುಂಟು, ಅದನ್ನೂ ನ್ಯಾಯವಾಗಿ ನೋಡಬೇಕು. ಮಗನು ಪ್ರೋಸೆಸ್ಸಿನ ಮರಿಯಲ್ಲ, ಸ್ವತಂತ್ರ ಜೀವ. ಅವನು ವ್ರತವನ್ನು ಸ್ವೀಕರಿಸಿಲ್ಲ. ತಂದೆಯ ಪರಿಮಾಣವನ್ನು ಮಗನ ಮೇಲೆ ಹೇರಿದರೆ, ಅವನ ಪಾಲಿಗೆ ಅದು ಪುನಃ ಸೆರೆಯಾಳಿನ ಉಪವಾಸವೇ ಆಗುವುದಿಲ್ಲವೆ? ಕಂಟ್ರೋಲ್ ಗ್ರೂಪಿನ ಕ್ರಮವನ್ನು ಕುಟುಂಬಕ್ಕೆ ಅನ್ವಯಿಸಲು ಬರುವುದಿಲ್ಲ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಜೀವನ ಗತಿಯನ್ನು ನೋಡಿದರೂ ಕ್ರಮವು ಯಂತ್ರಕ್ಕೆ ನೇರ ವಿರುದ್ಧವಾಗಿದೆ. ಅಲ್ಲಿ ಮಿತಿಯು ಮುಂದಕ್ಕೆ ಹರಿಯುತ್ತದೆ, ಲೆಕ್ಕವು ಅಳಿಯುತ್ತದೆ. ಇಲ್ಲಿ ದೇಹ ಬಿಟ್ಟೊಡನೆ ವ್ರತವು ಮುಗಿಯುತ್ತದೆ. ಅಣುವ್ರತಗಳನ್ನು ಶುದ್ಧವಾಗಿ ಪಾಲಿಸಿದ ಶ್ರಾವಕನೂ ದೇವಲೋಕದಲ್ಲಿ ಹುಟ್ಟಿದರೆ ಅಲ್ಲಿ ಅವಿರತನೇ, ದೇವಗತಿಯಲ್ಲಿ ವ್ರತವಿಲ್ಲ. ಕರ್ಮದ ಲೆಕ್ಕವಾದರೋ ಒಂದು ಕಣವೂ ತಪ್ಪದೆ ಜೊತೆಗೆ ಬರುತ್ತದೆ. ಹೊಸ ಹೆಸರು, ಹೊಸ ದೇಹ, ಸೊನ್ನೆಯಿಂದ ಖರ್ಚು ಎಂಬ ಆ 1988ರ ಉಪಾಯವು ಜೀವನಿಗೆ ದೊರೆಯುವಂತಿಲ್ಲ.

ಆದುದರಿಂದ ನನ್ನ ತೀರ್ಮಾನವಿಷ್ಟು. ಮಗನು ತಾನು ದುಡಿದು ಗಳಿಸಿದುದು ಅವನ ಲೆಕ್ಕಕ್ಕೆ; ಅದನ್ನು ತಂದೆಯ ಪರಿಮಾಣದಲ್ಲಿ ಎಣಿಸುವುದು ಸಲ್ಲದು. ಆದರೆ ನನ್ನ ಗೆರೆಯು ತುಂಬಿತೆಂಬ ಕಾರಣದಿಂದ, ನನ್ನ ಹಣದಿಂದ, ನನ್ನ ಆಸೆಯಿಂದ ಅವನ ಹೆಸರಿಗೆ ದಾಟಿಸಿದುದು ನನ್ನ ಲೆಕ್ಕಕ್ಕೇ. ಹೆಸರನ್ನು ನೋಡುವವನು ನೋಂದಣಿ ಅಧಿಕಾರಿ. ದಾಟಿಸಿದ ಕಾರಣವನ್ನು ನೋಡತಕ್ಕವನು ವ್ರತಿ.

ಮೊದಲ ಪ್ರಶ್ನೆಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಕೆನಡಾದ ಥಿಯೋ ಡಿ ರಾಡ್ಟ್ ಅವರ ನೇತೃತ್ವದ ಓಪನ್‌ಬಿಎಸ್‌ಡಿ ಎಂಬ ವ್ಯವಸ್ಥೆಯ 2016ರ ಆವೃತ್ತಿಯಲ್ಲಿ ‘ಪ್ಲೆಜ್’ ಎಂಬ ಏರ್ಪಾಡು ಬಂದಿತು. ಇಂಗ್ಲಿಷಿನ ಆ ಶಬ್ದಕ್ಕೆ ಪ್ರತಿಜ್ಞೆಯೆಂದೇ ಅರ್ಥ. ಇಲ್ಲಿ ಗೆರೆಯನ್ನು ಒಡೆಯನು ಎಳೆಯುವುದಿಲ್ಲ. ಪ್ರೋಗ್ರಾಂ ತಾನೇ, ತನ್ನ ಪ್ರಾರಂಭದ ಸಿದ್ಧತೆಗಳನ್ನು ಮುಗಿಸಿದ ಮೇಲೆ, ಇನ್ನು ಮುಂದೆ ಇಂತಿಂಥ ಕೆಲಸಗಳನ್ನು ಮಾತ್ರ ಮಾಡುತ್ತೇನೆಂದು ಕರ್ನಲ್ಲಿನ ಮುಂದೆ ನುಡಿಯುತ್ತದೆ. ಫೈಲನ್ನು ಓದುತ್ತೇನೆ, ಬರೆಯುವುದಿಲ್ಲ, ಜಾಲಕ್ಕೆ ಹೋಗುವುದಿಲ್ಲ, ಹೀಗೆ. ನುಡಿದುದನ್ನು ಮುಂದೆ ಇನ್ನೂ ಕಿರಿದು ಮಾಡಬಹುದು, ಹಿಗ್ಗಿಸಲು ಬರುವುದಿಲ್ಲ. ಮಾತು ತಪ್ಪಿದರೆ ಆ ಕ್ಷಣವೇ ಕರ್ನಲ್ ಅದನ್ನು ಕೊನೆಗಾಣಿಸುತ್ತದೆ. ಇದರ ಉದ್ದೇಶವನ್ನು ಕೇಳಿದಾಗ ನನಗೆ ಆಶ್ಚರ್ಯವಾಯಿತು. ಮುಂದೊಂದು ಗಳಿಗೆಯಲ್ಲಿ ಪ್ರೋಗ್ರಾಂನ ದೋಷವನ್ನು ಹಿಡಿದು ಹೊರಗಿನವನೊಬ್ಬನು ಅದನ್ನು ವಶಮಾಡಿಕೊಳ್ಳಬಹುದು. ಆಗ ಅದು ಅವನ ಇಚ್ಛೆಯಂತೆ ನಡೆಯುತ್ತದೆ. ಆ ಗಳಿಗೆ ಬರುವುದಕ್ಕೆ ಮೊದಲೇ, ಸ್ವಸ್ಥವಾಗಿರುವಾಗಲೇ, ಅದರ ಕೈಗಳನ್ನು ಕಟ್ಟಿಡುವುದು ಇದರ ಗುರಿ.

ಗುರುಗಳ ಸನ್ನಿಧಿಯಲ್ಲಿ, ಶಾಂತಚಿತ್ತದ ಗಳಿಗೆಯಲ್ಲಿ, ಕಷಾಯಗಳು ಉಕ್ಕುವ ಗಳಿಗೆಗಾಗಿ ನಾವು ವ್ರತವನ್ನು ಸ್ವೀಕರಿಸುವುದೂ ಹೀಗೆಯೇ ಅಲ್ಲವೆ? ನಾಳೆಯ ನನ್ನನ್ನು ಇಂದಿನ ನಾನು ನಂಬುವುದಿಲ್ಲವೆಂಬ ವಿವೇಕವು ಎರಡರಲ್ಲಿಯೂ ಇದೆ. ಆದರೂ ಪ್ಲೆಜ್ ನುಡಿದವನು ಪ್ರೋಗ್ರಾಂ ಅಲ್ಲ, ಅದನ್ನು ಬರೆದ ಮನುಷ್ಯ. ವಿವೇಕವು ಅವನದು. ಪಾಲನೆಯು ಯಂತ್ರದ್ದು. ನಮ್ಮಲ್ಲಿ ಇಬ್ಬರೂ ಒಬ್ಬನೇ ಆಗಿರಬೇಕಾಗುತ್ತದೆ, ಕಷ್ಟವಿರುವುದು ಅಲ್ಲಿಯೇ. ಮತ್ತೊಂದು ಅಂತರವೂ ಇದೆ. ಮಾತು ತಪ್ಪಿದ ಪ್ರೋಗ್ರಾಂಗೆ ಮರಣವೊಂದೇ ಗತಿ, ಅಲ್ಲಿ ಅತಿಚಾರ ಅನಾಚಾರಗಳ ಭೇದವಿಲ್ಲ. ನಮಗೆ ಪ್ರತಿಕ್ರಮಣವಿದೆ, ಆಲೋಚನೆಯಿದೆ, ಪ್ರಾಯಶ್ಚಿತ್ತವಿದೆ. ಜಿನಧರ್ಮದ ಕರುಣೆಯೆಂದು ನಾನು ಇದನ್ನು ಇದುವರೆಗೆ ಸುಲಭವಾಗಿ ಹೇಳುತ್ತಿದ್ದೆನು. ಈಗ ಅಷ್ಟು ಸುಲಭವಾಗಿ ಹೇಳಲಾರೆನು.

ಕಾರಣವನ್ನು ಮುಚ್ಚಿಡುವುದು ಸರಿಯಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಮುನಿಮಹಾರಾಜರೊಬ್ಬರ ಸನ್ನಿಧಿಯಲ್ಲಿ ನಾನು ಪರಿಗ್ರಹ ಪರಿಮಾಣವನ್ನು ಸ್ವೀಕರಿಸಿದೆನು. ಒಂದು ಮನೆ, ಆರು ಎಕರೆ ಹೊಲ, ಇಷ್ಟು ಬಂಗಾರ, ಇಷ್ಟು ನಗದು ಎಂದು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿರುವೆನು. ಒಂಬತ್ತು ವರ್ಷಗಳ ಹಿಂದೆ ನಿವೃತ್ತಿಯ ಹಣ ಬಂದಾಗ ನಗದಿನ ಗೆರೆಯು ಮೀರುವಂತಾಯಿತು. ಆಗ ಪಕ್ಕದ ಪಟ್ಟಣದಲ್ಲಿ ಒಂದು ನಿವೇಶನವನ್ನು ಕೊಂಡು ಮಗನ ಹೆಸರಿಗೆ ನೋಂದಣಿ ಮಾಡಿಸಿದೆನು. ಮಗನು ಕೇಳಿರಲಿಲ್ಲ. ಅವನಿಗೆ ಅದರ ಅಗತ್ಯವೂ ಇರಲಿಲ್ಲ. ಅದರ ಸುತ್ತ ಕಲ್ಲು ನೆಡಿಸಿದವನು ನಾನು. ವರ್ಷಕ್ಕೆರಡು ಸಲ ಹೋಗಿ ನೋಡಿಬರುವವನೂ ನಾನೇ. ಈ ಒಂಬತ್ತು ವರ್ಷವೂ ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ತಪ್ಪದೆ ಮಾಡಿದ್ದೇನೆ, ಪ್ರತಿಕ್ರಮಣವನ್ನೂ ಓದಿದ್ದೇನೆ. ಆ ನಿವೇಶನವು ಒಮ್ಮೆಯೂ ನೆನಪಿಗೆ ಬರಲಿಲ್ಲ. ಗೆರೆಯನ್ನೇ ಮರೆಯುವುದು ದಿಗ್ವ್ರತದ ಒಂದು ಅತಿಚಾರ. ನನ್ನದು ಮರೆವೂ ಅಲ್ಲ. ಗೆರೆಯು ಚೆನ್ನಾಗಿಯೇ ನೆನಪಿತ್ತು.

ದಶಲಕ್ಷಣವು ಮುಗಿದ ಮೇಲೆ, ಕ್ಷಮಾವಣಿಯ ದಿನ ಮಗನು ಊರಿಗೆ ಬಂದಿದ್ದನು. ಆ ನಿವೇಶನವನ್ನು ಪಾಠಶಾಲೆಗಾಗಲಿ ತ್ಯಾಗಿನಿವಾಸಕ್ಕಾಗಲಿ ದಾನವಾಗಿ ಕೊಟ್ಟುಬಿಡಬೇಕೆಂದು ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, ಗೌರವದಿಂದಲೇ, "ಅಪ್ಪಾ, ಅದು ನನ್ನ ಹೆಸರಿನಲ್ಲಿದೆ. ಈಗ ನನಗೂ ಇಬ್ಬರು ಮಕ್ಕಳಿದ್ದಾರೆ. ಕೊಡುವುದಾದರೆ ನಾನು ಕೊಡಬೇಕು, ನೀವು ಕೊಡಲು ಬರುವುದಿಲ್ಲ" ಎಂದನು. ಅವನ ಮಾತಿನಲ್ಲಿ ತಪ್ಪನ್ನು ಹುಡುಕಿದೆನು, ಸಿಕ್ಕಲಿಲ್ಲ. ಕಠಿಣ ಮಿತಿಯನ್ನು ತಗ್ಗಿಸಿದ ಪ್ರೋಸೆಸ್ಸಿನಂತೆ ನಾನೂ ಒಂದು ದಾರಿಯನ್ನು ಹಿಂದಿರುಗಲಾರದಂತೆ ಮುಚ್ಚಿಕೊಂಡಿದ್ದೆನು. ಆದರೆ ಅದು ಪಡೆಯುವ ದಾರಿಯಲ್ಲ, ಬಿಡುವ ದಾರಿ. ಇಟ್ಟುಕೊಂಡೆನೆಂದು ಲೆಕ್ಕಕ್ಕೆ ಬರುವ ವಸ್ತುವನ್ನು ಬಿಟ್ಟೆನೆಂದು ಬರೆಯುವ ಅಧಿಕಾರ ಮಾತ್ರ ನನ್ನಲ್ಲಿ ಉಳಿದಿಲ್ಲ.

ಕೈಲಿರುವ ಆರು ಎಕರೆಯಲ್ಲಿ ಆ ನಿವೇಶನದ ಬೆಲೆಗೆ ಸಮನಾದಷ್ಟನ್ನು ಬಿಟ್ಟರೆ ಸರಿಹೋದೀತೇ, ಅಥವಾ ಒಂದು ಬದಿಯ ಗೆರೆಯನ್ನು ತಗ್ಗಿಸಿ ಇನ್ನೊಂದು ಬದಿಗೆ ಕೂಡಿಸುವ ಕ್ಷೇತ್ರವೃದ್ಧಿಯಂತೆ ಅದೂ ಒಂದು ಅತಿಚಾರವೇ ಆದೀತೇ ಎಂಬುದು ನನಗೆ ನಿಶ್ಚಯವಾಗಿಲ್ಲ. ನಮ್ಮ ಊರಿಗೆ ಎರಡು ಹರದಾರಿ ದೂರದ ಗ್ರಾಮದಲ್ಲಿ ಮುನಿಸಂಘದ ಚಾತುರ್ಮಾಸವು ಇನ್ನೂ ನಡೆದಿದೆ. ಮುಂದಿನ ಚತುರ್ದಶಿಗೆ ಅಲ್ಲಿಗೆ ಹೋಗಿ ಆಲೋಚನೆ ಮಾಡಬೇಕೆಂದಿರುವೆನು. ನೋಟುಪುಸ್ತಕದಲ್ಲಿ ಹೊಸದೊಂದು ಸಾಲನ್ನು ಬರೆದಾಗಿದೆ: ನಿವೇಶನ ಒಂದು, ಮೂವತ್ತಕ್ಕೆ ನಲವತ್ತು ಅಡಿ. ಎದುರಿಗೆ ಯಾರ ಹೆಸರನ್ನು ಬರೆಯಬೇಕೆಂಬುದನ್ನು ಗುರುಗಳನ್ನು ಕೇಳಿ ಬರೆಯುವೆನು.